ಲ್ಯಾವೆಂಡರ್ ಬಾಡಿದರೆ ನೀರು ಹಾಕುವ ಮುನ್ನ: ಗಿಡ್ಡ ಇಂಗ್ಲಿಷ್ ತಳಿಗಳ ದೋಷ ನಿವಾರಣೆ ಕೈಪಿಡಿ

ಲ್ಯಾವೆಂಡರ್ ಗಿಡ ತಲೆ ಬಾಗಿಸಿದ್ದು ಕಂಡ ಕೂಡಲೇ ನಮ್ಮ ಕೈ ನೀರಿನ ಕಡೆಗೆ ಹೋಗುತ್ತದೆ. ಎಷ್ಟೋ ಗಿಡಗಳು ಸಾಯುವುದು ಆ ನೀರಿನಿಂದಲೇ. ಬೇರು ಕೊಳೆತ ಲ್ಯಾವೆಂಡರೂ ನೀರು ಸಿಗದ ಲ್ಯಾವೆಂಡರೂ ಮೇಲ್ನೋಟಕ್ಕೆ ಒಂದೇ ಥರ: ತುದಿ ಜೋಲುತ್ತದೆ, ಎಲೆ ಮಂಕಾಗುತ್ತದೆ, ಒಂದೆರಡು ಕಡ್ಡಿ ಒಣಗುತ್ತವೆ. ಕೊಳೆತ ಬೇರು ನೀರು ಹೀರಲಾರದು. ಹಾಗಾಗಿ ಗಿಡ ಒದ್ದೆ ಮಣ್ಣಿನಲ್ಲಿ ನಿಂತೇ ಬಾಯಾರುತ್ತದೆ, ನಾವು ಇನ್ನಷ್ಟು ನೀರು ಹೊಯ್ಯುತ್ತೇವೆ. ನನ್ನ ಮೊದಲ ಮೂರು ಗಿಡಗಳು ಹೋದದ್ದು ಹೀಗೆಯೇ. ಮೂರನೆಯದನ್ನು ಕಿತ್ತು ಬೇರು ನೋಡಿದ ಮೇಲಷ್ಟೇ ವಿಷಯ ಅರ್ಥವಾಯಿತು. ಅಂದಿನಿಂದ ಲ್ಯಾವೆಂಡರ್‌ನಲ್ಲಿ ಏನೇ ತೊಂದರೆ ಕಂಡರೂ ಪರೀಕ್ಷೆಯನ್ನು ಬೇರಿನಿಂದ ಶುರುಮಾಡುತ್ತೇನೆ. ಈ ಕೈಪಿಡಿಯೂ ಅದೇ ದಾರಿ ಹಿಡಿದಿದೆ: ಬೇರು, ಬುಡ, ಕಾಂಡ, ಹೂ, ಕೊನೆಗೆ ಕೊಯ್ದು ಕಟ್ಟಿದ ಗುಚ್ಛ.

ಗಿಡ ಯಾವುದೆಂದು ಮೊದಲು ಖಚಿತಪಡಿಸಿಕೊಳ್ಳಿ

‘ರೋಗ’ ಎಂದುಕೊಂಡ ಎಷ್ಟೋ ಸಂಗತಿಗಳು ರೋಗವೇ ಅಲ್ಲ, ಗಿಡದ ಗುರುತು ತಪ್ಪಿರುತ್ತದೆ. ಇಂಗ್ಲಿಷ್ ಲ್ಯಾವೆಂಡರ್ ಎಂದರೆ ಲ್ಯಾವೆಂಡುಲಾ ಅಂಗಸ್ಟಿಫೋಲಿಯಾ. 1768ರಲ್ಲಿ ಸಸ್ಯಶಾಸ್ತ್ರಜ್ಞ ಫಿಲಿಪ್ ಮಿಲ್ಲರ್ ಕೊಟ್ಟ ಹೆಸರಿದು, ‘ಕಿರಿದಾದ ಎಲೆಯದು’ ಎಂಬ ಅರ್ಥ. ಹೆಸರಿನಲ್ಲಿ ಇಂಗ್ಲೆಂಡ್ ಇದ್ದರೂ ಅದರ ತವರು ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ಭಾಗದ ಬೆಟ್ಟಗಳು. ಸುಣ್ಣಕಲ್ಲಿನ ಇಳಿಜಾರು, ಕಲ್ಲು ತುಂಬಿದ ಬಡ ಮಣ್ಣು, ಒಣ ಬೇಸಿಗೆ, ಚುರುಕು ಬಿಸಿಲು. ಈ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ಹೇಳುವ ಅರ್ಧ ಮಾತು ನಿಮಗೇ ಹೊಳೆಯುತ್ತದೆ.

ಎಲೆಯ ಅಂಚು ಗರಗಸದಂತೆ ಕಚ್ಚುಕಚ್ಚಾಗಿದ್ದರೆ ಅದು ಡೆಂಟಾಟಾ ಎಂಬ ಬೇರೆ ಲ್ಯಾವೆಂಡರ್ ಜಾತಿ. ಹೂತೆನೆಯ ತುದಿಯಲ್ಲಿ ಮೊಲದ ಕಿವಿಯಂತೆ ಎರಡು ನಾಲ್ಕು ಎಸಳು ನಿಂತಿದ್ದರೆ ಸ್ಟೋಯಿಕಾಸ್. ಎಲೆ ಜರಿಗಿಡದಂತೆ ಸೀಳಿದ್ದರೆ ಅದೂ ಬೇರೆ ಜಾತಿಯೇ. ಸಾಮಾನ್ಯವಾಗಿ ಮೋಸ ಹೋಗುವುದು ಲ್ಯಾವೆಂಡಿನ್ ಎಂಬ ಮಿಶ್ರತಳಿಯ ವಿಷಯದಲ್ಲಿ. ಅಂಗಸ್ಟಿಫೋಲಿಯಾ ಮತ್ತು ಲ್ಯಾಟಿಫೋಲಿಯಾ ಎಂಬ ಇನ್ನೊಂದು ಲ್ಯಾವೆಂಡರ್ ಜಾತಿ ಕೂಡಿ ಹುಟ್ಟಿದ ಇದು ದೊಡ್ಡದಾಗಿ ಬೆಳೆಯುತ್ತದೆ, ತಡವಾಗಿ ಹೂ ಬಿಡುತ್ತದೆ, ಬೀಜ ಕಟ್ಟುವುದಿಲ್ಲ. ಮುಖ್ಯ ಹೂತೆನೆಯ ಕೆಳಗೆ ಅದೇ ದಂಟಿನಿಂದ ಪಕ್ಕಕ್ಕೆ ಎರಡು ಚಿಕ್ಕ ತೆನೆ ಒಡೆದಿದ್ದರೆ, ಎಲೆ ಉಜ್ಜಿದಾಗ ಸಿಹಿ ಪರಿಮಳದ ಬದಲು ಕರ್ಪೂರದ ಘಾಟು ಮುಂದಾಗಿ ಬಂದರೆ ಅದು ಲ್ಯಾವೆಂಡಿನ್ ಇರಬೇಕು. ‘ಗಿಡ್ಡ ತಳಿ ಎಂದು ತಂದದ್ದು ಮೂರಡಿ ಬೆಳೆದುಬಿಟ್ಟಿತು’ ಎಂಬ ದೂರಿಗೆ ಉತ್ತರ ಬಹುತೇಕ ಇಲ್ಲಿಯೇ ಸಿಗುತ್ತದೆ.

ಗಿಡ್ಡ ತಳಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಹಿಡ್‌ಕೋಟ್ ಮತ್ತು ಮನ್‌ಸ್ಟೆಡ್. ಹಿಡ್‌ಕೋಟ್ ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಹಿಡ್‌ಕೋಟ್ ಮ್ಯಾನರ್ ತೋಟದ ಹೆಸರು ಹೊತ್ತಿದೆ, ಗಾಢ ನೇರಳೆ. ಮನ್‌ಸ್ಟೆಡ್‌ಗೆ ಆ ಹೆಸರು ಬಂದದ್ದು ಸರ್ರೆಯ ಮನ್‌ಸ್ಟೆಡ್ ವುಡ್‌ನಿಂದ, ಅಂದರೆ ತೋಟ ವಿನ್ಯಾಸಕಿ ಗರ್ಟ್ರೂಡ್ ಜೀಕಿಲ್ ಅವರ ಮನೆಯಂಗಳದಿಂದ. ಇದರ ಬಣ್ಣ ತುಸು ತಿಳಿ. ಎರಡೂ ಒಂದೂವರೆ ಅಡಿಯ ಆಸುಪಾಸಿನಲ್ಲಿ ನಿಲ್ಲುತ್ತವೆ. ಬಿಳಿ ಹೂವಿನ ನಾನಾ ಆಲ್ಬಾ ಇನ್ನೂ ಗಿಡ್ಡ, ಸುಮಾರು ಒಂದಡಿ. ಇವುಗಳನ್ನು ಬೀಜದಿಂದ ಬೆಳೆಸಿದರೆ ಸಸಿಗಳು ಒಂದರಂತೆ ಒಂದು ಇರುವುದಿಲ್ಲ. ಸಾಲಿನಲ್ಲಿ ಒಂದು ಗಿಡ ಎತ್ತರ, ಪಕ್ಕದ್ದು ಕುಳ್ಳು, ಇನ್ನೊಂದರ ಬಣ್ಣ ಪೇಲವ ಎಂದಾದರೆ ಮಣ್ಣನ್ನು ಅನುಮಾನಿಸಬೇಡಿ. ಒಂದೇ ತಾಯಿಗಿಡದ ಕಡ್ಡಿಗಳನ್ನು ನೆಟ್ಟರೆ ಮಾತ್ರ ಸಾಲು ಸಮನಾಗಿ ಬರುತ್ತದೆ.

ಗಿಡ ಬಾಡಿದೆ, ಒಣಗುತ್ತಿದೆ

ಬೆರಳನ್ನು ಮಣ್ಣಿಗೆ ಎರಡನೆಯ ಗೆಣ್ಣಿನವರೆಗೆ ಇಳಿಸಿ. ಮೇಲ್ಪದರ ನೋಡಿ ತೀರ್ಮಾನಿಸುವುದು ಬೇಡ, ಅದು ಬಿಸಿಲಿಗೆ ಎರಡು ಗಂಟೆಯಲ್ಲಿ ಒಣಗಿರುತ್ತದೆ. ಒಳಗೆ ಪುಡಿಪುಡಿ ಒಣ ಮಣ್ಣು ಸಿಕ್ಕರೆ ಗಿಡಕ್ಕೆ ನಿಜವಾಗಿಯೂ ದಾಹ. ಬುಡಕ್ಕೆ ನಿಧಾನವಾಗಿ, ಬೇರಿನ ಆಳ ಮುಟ್ಟುವಷ್ಟು ನೀರು ಕೊಡಿ. ಒಂದು ದಿನದೊಳಗೆ ಎದ್ದು ನಿಂತರೆ ಅಲ್ಲಿಗೆ ಮುಗಿಯಿತು. ಬೆರಳಿಗೆ ತಂಪು ತಗುಲಿ ಮಣ್ಣು ಅಂಟಿಕೊಂಡರೆ ನೀರಿನ ಕ್ಯಾನ್ ಬದಿಗಿಡಿ, ಮುಂದಿನ ಪರೀಕ್ಷೆಗೆ ಹೋಗಿ.

ಹೊಸದಾಗಿ ನೆಟ್ಟ ಗಿಡದಲ್ಲಿ ಈ ಪರೀಕ್ಷೆ ದಾರಿ ತಪ್ಪಿಸುವುದುಂಟು. ನರ್ಸರಿಯಿಂದ ಬರುವ ಸಸಿಯ ಬೇರಿನ ಸುತ್ತ ಕೋಕೋಪೀಟ್ ಅಥವಾ ಪೀಟ್‌ನ ಗಟ್ಟಿ ಮುದ್ದೆ ಇರುತ್ತದೆ. ನಿಮ್ಮ ಮಡಿಯ ಮಣ್ಣು ಒಣಗಿದ್ದರೂ ಆ ಮುದ್ದೆ ಒಳಗೊಳಗೇ ತೊಯ್ದು ಕೂತಿರಬಹುದು. ತಿರುಗುಮುರುಗಾಗಿಯೂ ಆಗುತ್ತದೆ: ಪೀಟ್ ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ, ಹಾಕಿದ್ದೆಲ್ಲ ಪಕ್ಕದ ಮಣ್ಣಿಗೆ ಜಾರಿ ಹೋಗುತ್ತದೆ. ಸುತ್ತ ಒದ್ದೆ, ಗಿಡ ಮಾತ್ರ ಬಾಡುತ್ತಿದೆ ಎಂದಾಗ ಎರಡೂ ಸಾಧ್ಯ. ಆದ್ದರಿಂದ ಮೊದಲ ಎರಡು ತಿಂಗಳು ಬೆರಳನ್ನು ಮಡಿಗಲ್ಲ, ಬೇರಿನ ಮುದ್ದೆಗೇ ಇಳಿಸಿ ನೋಡಿ. ನೆಡುವಾಗ ಆ ಮುದ್ದೆಯನ್ನು ನೀರಿನಲ್ಲಿ ನೆನೆಸಿ, ಹೊರಗಿನ ಪದರವನ್ನು ಬೆರಳಿನಿಂದ ಸಡಿಲಿಸಿ, ಬೇರಿನ ತುದಿ ಹೊಸ ಮಣ್ಣಿಗೆ ತಾಗುವಂತೆ ನೆಟ್ಟರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಇನ್ನು ಮಣ್ಣು ಒದ್ದೆ, ಗಿಡ ಬಾಡಿದೆ ಎನ್ನುವ ಸ್ಥಿತಿ. ಇಲ್ಲಿ ಮೊದಲು ಉಗುರಿನ ಪರೀಕ್ಷೆ. ಬಾಡಿದ ಕಡ್ಡಿಯ ಸಿಪ್ಪೆಯನ್ನು ತುದಿಯ ಬಳಿ ಒಂದಿಷ್ಟು ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಆ ಭಾಗ ಸತ್ತಿದೆ. ಹಾಗೆಯೇ ಕೆಳಗೆ ಕೆರೆಯುತ್ತ ಬನ್ನಿ. ಸಾವು ತುದಿಯಿಂದ ಅರ್ಧಕ್ಕೆ ಬಂದು ನಿಂತಿದೆಯೋ, ಬುಡದಿಂದ ಮೇಲಕ್ಕೆ ಹತ್ತುತ್ತಿದೆಯೋ ಎಂಬುದೇ ಮುಖ್ಯ ಸುಳಿವು. ಬುಡದಲ್ಲಿ ತೊಗಟೆ ಕಪ್ಪಾಗಿ ಮೆತ್ತಗಾಗಿದ್ದರೆ ಬೇರು ಕೊಳೆತಿದೆ ಎಂದೇ ಹಿಡಿಯಿರಿ. ಖಾತರಿಯಾಗಬೇಕಿದ್ದರೆ ಗಿಡದ ಒಂದು ಬದಿಯ ಮಣ್ಣು ಸರಿಸಿ ಎಳೆಬೇರು ನೋಡಿ. ಆರೋಗ್ಯದ ಬೇರು ತಿಳಿ ಬಣ್ಣದ್ದು, ಹಿಸುಕಿದರೆ ಗಟ್ಟಿ. ಕೊಳೆತದ್ದು ಕಂದು ಕಪ್ಪು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಸಿಪ್ಪೆ ಕಳಚಿ ಒಳಗಿನ ದಾರದಂಥ ನಾರು ಮಾತ್ರ ಉಳಿಯುತ್ತದೆ.

ಇದರ ಹಿಂದಿರುವುದು ಹೆಚ್ಚಾಗಿ ಫೈಟಾಫ್ತೊರಾ. ಅಡಿಕೆಯ ಕೊಳೆರೋಗ, ಆಲೂಗಡ್ಡೆಯ ಅಂಗಮಾರಿ ಎರಡಕ್ಕೂ ಇದೇ ಕುಲದ ಜೀವಿಗಳು ಕಾರಣ. ಇವು ನಿಜವಾದ ಶಿಲೀಂಧ್ರಗಳಲ್ಲ, ನೀರಿನಲ್ಲಿ ಈಜಬಲ್ಲ ಬೀಜಕಣಗಳಿರುವ ಬೇರೆಯೇ ಗುಂಪು. ಮಣ್ಣಿನ ರಂಧ್ರಗಳಲ್ಲಿ ನೀರು ನಿಂತರೆ ಸಾಕು, ಕಣಗಳು ಈಜಿಕೊಂಡು ಬೇರು ಸೇರುತ್ತವೆ. ಸಾಮಾನ್ಯ ಶಿಲೀಂಧ್ರನಾಶಕ ಸುರಿದರೂ ಹಲವು ಸಲ ಫಲ ಸಿಗದಿರುವುದು ಇದಕ್ಕೇ. ಬುಡ ಪೂರ್ತಿ ಕಪ್ಪಾದ ಗಿಡವನ್ನು ಉಳಿಸಿಕೊಂಡವರನ್ನು ನಾನು ಕಂಡಿಲ್ಲ. ಆ ಗಿಡದ ಮೇಲೆ ವಾರಗಟ್ಟಲೆ ಆಸೆ ಇಟ್ಟುಕೊಂಡು ಕೂರುವುದಕ್ಕಿಂತ ಅದರ ಸಂತಾನ ಉಳಿಸುವುದು ಮೇಲು. ಇನ್ನೂ ಹಸಿರಾಗಿರುವ, ಹೂವಿಲ್ಲದ ಚಿಗುರುಗಳನ್ನು ಎಂಟು ಹತ್ತು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ಬಿಡಿಸಿ, ಮರಳು ಮತ್ತು ಪರ್ಲೈಟ್ ಬೆರೆತ ಹಗುರ ಮಿಶ್ರಣಕ್ಕೆ ಚುಚ್ಚಿಡಿ. ಬೆಳಕಿರಲಿ, ನೇರ ಬಿಸಿಲು ಬೇಡ. ಮೂರರಿಂದ ಆರು ವಾರದಲ್ಲಿ ಬೇರು ಬರುತ್ತದೆ. ಕಿತ್ತ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಅದಿದ್ದ ಜಾಗದಲ್ಲಿ, ಮಣ್ಣನ್ನು ಬದಲಿಸದೆ, ಮತ್ತೊಂದು ಲ್ಯಾವೆಂಡರ್ ನೆಡಲೂ ಬೇಡಿ.

ಮಣ್ಣಿನ ತಪ್ಪು ಪತ್ತೆ ಮಾಡಲು ಒಂದು ಗುಂಡಿ ಸಾಕು. ಒಂದಡಿ ಆಳ ತೋಡಿ, ನೀರು ತುಂಬಿಸಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಈ ಸಲ ಅಳತೆ ಕಡ್ಡಿ ನಿಲ್ಲಿಸಿ. ಗಂಟೆಗೆ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಇಳಿದರೆ ಆ ಜಾಗ ಲ್ಯಾವೆಂಡರ್‌ಗೆ ಆಗದು. ಎರಡನೆಯ ಸಲದ ಅಳತೆಯನ್ನೇ ನಂಬಬೇಕು, ಮೊದಲನೆಯದರಲ್ಲಿ ಒಣಮಣ್ಣು ದುರಾಸೆಯಿಂದ ಹೀರಿಬಿಡುತ್ತದೆ. ನೀರು ನಿಲ್ಲುವ ಜೇಡಿಮಣ್ಣಿಗೆ ಒಂದಿಷ್ಟು ಸಣ್ಣ ಮರಳು ಬೆರೆಸಿದರೆ ಸರಿಹೋಗುತ್ತದೆಂಬ ನಂಬಿಕೆಯಿದೆ. ಹಾಗೆ ಮಾಡಿದಾಗ ಕೆಲವೊಮ್ಮೆ ಮಣ್ಣು ಇನ್ನೂ ಬಿಗಿಯಾಗಿ ಇಟ್ಟಿಗೆಯಂತಾಗುತ್ತದೆ. ಅದಕ್ಕಿಂತ ಗಿಡವನ್ನೇ ಎತ್ತರಕ್ಕೇರಿಸಿ: ಇಪ್ಪತ್ತರಿಂದ ಮೂವತ್ತು ಸೆಂಟಿಮೀಟರ್ ಎತ್ತರದ ಏರುಮಡಿ ಅಥವಾ ದಿಬ್ಬ, ಅದರಲ್ಲಿ ಧಾರಾಳವಾಗಿ ಸಣ್ಣ ಜಲ್ಲಿ. ರಸಸಾರ 6.5ರಿಂದ 7.5ರ ನಡುವೆ ಇದ್ದರೆ ಚೆನ್ನ. ಹುಳಿ ಮಣ್ಣಾದರೆ ಪರೀಕ್ಷೆ ಮಾಡಿಸಿಕೊಂಡು ಸುಣ್ಣ ಕೊಡಿ, ಅಂದಾಜಿನ ಮೇಲೆ ಬೇಡ.

ಬುಡದ ಹೊದಿಕೆಯೂ ಒಂದು ಕಾರಣವಾಗಿರಬಹುದು. ಒಣ ಎಲೆ, ಮರದ ಚಕ್ಕೆ, ತೆಂಗಿನ ನಾರು ಬೇರೆ ಗಿಡಗಳಿಗೆ ವರ. ಇಲ್ಲಿ ಅವು ಕಾಂಡದ ಸುತ್ತ ತೇವ ಹಿಡಿದಿಡುತ್ತವೆ. ಎಲ್ಲವನ್ನೂ ಸರಿಸಿ, ತಿಳಿ ಬಣ್ಣದ ಸಣ್ಣ ಜಲ್ಲಿ ಹರಡಿ. ಜಲ್ಲಿ ಬೇಗ ಒಣಗುತ್ತದೆ, ಬೆಳಕನ್ನು ಗಿಡದ ಒಳಗೆ ಚಿಮ್ಮಿಸುತ್ತದೆ, ನೀರು ಬಿದ್ದಾಗ ಮಣ್ಣು ಎಲೆಗೆ ಸಿಡಿಯುವುದನ್ನೂ ತಡೆಯುತ್ತದೆ.

ಕುಂಡದ ಗಿಡದಲ್ಲಿ ಮಾತ್ರ ಕಾಣುವ ತಪ್ಪುಗಳು

ಕುಂಡದ ತಳಕ್ಕೆ ಜಲ್ಲಿಯ ಪದರ ಹಾಕುವ ಅಭ್ಯಾಸ ನಮ್ಮಲ್ಲಿ ಎಷ್ಟು ಬೇರೂರಿದೆ ಎಂದರೆ ಅದನ್ನು ಬಿಡಿ ಎಂದರೆ ಯಾರೂ ಒಪ್ಪುವುದಿಲ್ಲ. ಆದರೂ ಹೇಳಲೇಬೇಕು. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ; ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ಗಡಿಯಲ್ಲೇ ನಿಲ್ಲುತ್ತದೆ. ಅಂದರೆ ಕುಂಡದ ತಳದಲ್ಲಿ ಇರಬೇಕಾಗಿದ್ದ ಒದ್ದೆ ಪದರವನ್ನು ನಾವೇ ಬೇರಿನ ಹತ್ತಿರಕ್ಕೆ ಎತ್ತಿ ಇಟ್ಟಂತಾಯಿತು. ಜಲ್ಲಿಯನ್ನು ಮಣ್ಣಿನೊಳಗೆ ಬೆರೆಸಿ, ಮೂರರಲ್ಲಿ ಒಂದು ಪಾಲಿನಷ್ಟು. ತೂತಿನ ಮೇಲೆ ಒಂದು ಹಂಚಿನ ಚೂರು ಅಥವಾ ಬಲೆಯ ತುಂಡು ಸಾಕು.

ಮಣ್ಣಿನ ಕುಂಡ ಪ್ಲಾಸ್ಟಿಕ್ಕಿಗಿಂತ ಒಳ್ಳೆಯದು, ಗೋಡೆಯಿಂದಲೂ ತೇವ ಆರುತ್ತದೆ. ಗಿಡಕ್ಕಿಂತ ಬಹಳ ದೊಡ್ಡ ಕುಂಡ ಬೇಡ. ಬೇರು ತಲುಪದ ಮೂಲೆಯ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ಬೆಳೆದ ಗಿಡ್ಡ ತಳಿಗೆ ಒಂದಡಿ ಅಗಲದ ಕುಂಡ ಸಾಕು. ಕೆಳಗಿನ ತಟ್ಟೆಯನ್ನು ತೆಗೆದುಬಿಡಿ. ಕುಂಡ ಎತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ: ನೀರು ಹಾಕಿದ ದಿನದ ಭಾರ ಕೈಗೆ ನೆನಪಿದ್ದರೆ, ಯಾವ ದಿನ ನೀರು ಬೇಕೆಂದು ಬೆರಳಿಗಿಂತ ತೋಳೇ ಚೆನ್ನಾಗಿ ಹೇಳುತ್ತದೆ.

ನಡುವೆ ಬೋಳಾಗಿದೆ, ಅಂಚು ಹಸಿರಿದೆ

ಇದು ಗಿಡ್ಡ ತಳಿಗಳಿಗೇ ಅಂಟಿದ ದೋಷ. ಇವು ದಿಂಬಿನಂತೆ ಒತ್ತಾಗಿ ಬೆಳೆಯುತ್ತವೆ. ಅದೇ ಅವುಗಳ ಚೆಲುವು, ಅದೇ ತೊಂದರೆ. ಸೆಕೆಯೂ ತೇವವೂ ಕೂಡಿದ ಹವೆಯಲ್ಲಿ, ಅದರಲ್ಲೂ ರಾತ್ರಿ ತಂಪಾಗದ ದಿನಗಳಲ್ಲಿ, ಆ ದಿಂಬಿನ ಒಳಗೆ ಗಾಳಿ ಆಡುವುದಿಲ್ಲ. ಎಲೆಗಳು ಒಳಗಿನಿಂದ ಕಪ್ಪಾಗಿ ಕರಗುತ್ತವೆ. ಹೊರಗೆ ಹಸಿರಿರುವಾಗಲೇ ವಾರಕ್ಕೊಮ್ಮೆ ಎರಡೂ ಕೈಯಿಂದ ಗಿಡವನ್ನು ಬಿಡಿಸಿ ನಡುವನ್ನು ನೋಡಬೇಕು. ಸತ್ತ ಎಲೆ ಉದುರಿ ಕಸ ಕೂಡಿದ್ದರೆ ಕೈಯಿಂದಲೇ ಗೋರಿ ತೆಗೆಯಿರಿ, ಒಳಗಿನ ಬಡಕಲು ಕಡ್ಡಿಗಳಲ್ಲಿ ಕೆಲವನ್ನು ಬುಡದಿಂದ ತೆಗೆದು ಗಾಳಿಗೆ ದಾರಿ ಮಾಡಿ. ಗಿಡದಿಂದ ಗಿಡಕ್ಕೆ 30ರಿಂದ 45 ಸೆಂಟಿಮೀಟರ್ ಇರಲಿ. ತೇವದ ಹವೆಯಾದರೆ ಹೆಚ್ಚಿನ ಅಂತರವೇ ಕ್ಷೇಮ. ನೀರನ್ನು ಎಂದೂ ತಲೆಯ ಮೇಲೆ ಹೊಯ್ಯಬೇಡಿ.

ಮೈನಸ್ 10 ಡಿಗ್ರಿ ಚಳಿಯನ್ನೂ ತಾಳುವ ಗಿಡ ಬೆಚ್ಚನೆಯ ತೇವಕ್ಕೆ ಸೋಲುತ್ತದೆ ಎಂಬುದು ಮೊದಲಿಗೆ ನನಗೆ ನಂಬಲಾಗಿರಲಿಲ್ಲ. ನಿಮ್ಮ ಹವೆ ವರ್ಷಪೂರ್ತಿ ಹಾಗೆಯೇ ಇದ್ದರೆ, ಮಾಡಬೇಕಾದ್ದೆಲ್ಲ ಮಾಡಿಯೂ ಗಿಡ ನಿಲ್ಲದಿದ್ದರೆ, ನಿಮ್ಮ ಕೈಯಲ್ಲಿ ದೋಷವಿಲ್ಲ. ಡೆಂಟಾಟಾ ಆ ಹವೆಗೆ ಇದಕ್ಕಿಂತ ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಬುಡವೆಲ್ಲ ಕಟ್ಟಿಗೆ, ತುದಿಯಲ್ಲಿ ಮಾತ್ರ ಎಲೆ

ಇದು ರೋಗವಲ್ಲ, ಸವರದೆ ಬಿಟ್ಟದ್ದರ ಫಲ. ಲ್ಯಾವೆಂಡರ್ ಪ್ರತಿ ವರ್ಷ ಹಿಂದಿನ ವರ್ಷದ ಚಿಗುರಿನ ಮೇಲೆ ಹೊಸ ಚಿಗುರು ಹೊರಡಿಸುತ್ತದೆ, ಕೆಳಗಿನ ಭಾಗ ಕಟ್ಟಿಗೆಯಾಗುತ್ತದೆ. ಎಲೆಯೇ ಇಲ್ಲದ ಹಳೆಯ ಕಟ್ಟಿಗೆಯನ್ನು ಕತ್ತರಿಸಿದರೆ ಅಲ್ಲಿಂದ ಮತ್ತೆ ಚಿಗುರುವುದು ಅಪರೂಪ. ಗುಲಾಬಿಯನ್ನು ಸವರಿದ ಧೈರ್ಯದಲ್ಲಿ ಇದನ್ನೂ ಬೋಳಿಸಿದವರು ಗಿಡ ಕಳೆದುಕೊಳ್ಳುತ್ತಾರೆ.

ಸರಿಯಾದ ಕ್ರಮ: ಹೂ ಮುಗಿದ ಕೂಡಲೇ ಹಸಿರು ಭಾಗದ ಮೂರನೇ ಒಂದು ಪಾಲು ಕತ್ತರಿಸಿ, ಆದರೆ ಕಟ್ಟಿಗೆಯ ಮೇಲೆ ಕೆಲವು ಜೊತೆ ಹಸಿರೆಲೆ ಉಳಿಯಲೇಬೇಕು. ಮೊದಲ ವರ್ಷದಿಂದಲೇ ಶುರುಮಾಡಿ. ಎಳೆಯ ಗಿಡವನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ ನಿಜ, ಆದರೆ ಗಿಡದ ಆಕಾರ ನಿಲ್ಲುವುದೇ ಆಗ. ಚಳಿಗಾಲದಲ್ಲಿ ಹಿಮ ಬೀಳುವ ಕಡೆ ತಡಮಾಡಿ ಸವರಬೇಡಿ, ಎಳೆ ಚಿಗುರು ಹಿಮಕ್ಕೆ ಸುಟ್ಟುಹೋಗುತ್ತದೆ.

ಈಗಾಗಲೇ ಕಟ್ಟಿಗೆಯಾದ ಗಿಡವಿದ್ದರೆ ಬುಡದ ಹತ್ತಿರ ಕಣ್ಣಿಟ್ಟು ನೋಡಿ. ಅಕ್ಕಿಕಾಳಿನಷ್ಟು ಬೂದುಹಸಿರು ಮೊಳಕೆಗಳು ಅಲ್ಲಲ್ಲಿ ಕಂಡರೆ ಅವುಗಳ ಸ್ವಲ್ಪ ಮೇಲಕ್ಕೆ ಕತ್ತರಿಸಬಹುದು, ಒಂದೇ ಸಲ ಎಲ್ಲವನ್ನೂ ಅಲ್ಲ, ವರ್ಷಕ್ಕೆ ಮೂರನೇ ಒಂದು ಪಾಲು ಕಡ್ಡಿಗಳನ್ನು ಮಾತ್ರ. ಮೊಳಕೆ ಇಲ್ಲವೆಂದರೆ ಕಡ್ಡಿ ನೆಟ್ಟು ಹೊಸ ಗಿಡ ಮಾಡಿಕೊಳ್ಳಿ. ಚೆನ್ನಾಗಿ ನೋಡಿಕೊಂಡ ಗಿಡವೂ ಹತ್ತು ವರ್ಷದ ಹೊತ್ತಿಗೆ ಹೂ ಕಡಿಮೆ ಮಾಡುತ್ತದೆ. ಅದಕ್ಕೆ ಬೇಸರ ಪಡಬೇಕಿಲ್ಲ.

ಸೊಂಪಾಗಿದೆ, ಹೂವಿಲ್ಲ

ಎಲೆಯನ್ನೇ ಕೇಳಿ. ಎಲೆ ಬೂದು ಬಣ್ಣ ಬಿಟ್ಟು ಹಚ್ಚಹಸಿರಾಗಿ, ಅಗಲವಾಗಿ, ಮೆತ್ತಗಿದ್ದರೆ ಸಾರಜನಕ ಹೆಚ್ಚಾಗಿದೆ. ಯಾರೋ ಪ್ರೀತಿಯಿಂದ ಸಗಣಿ ಗೊಬ್ಬರವನ್ನೋ ಎರೆಗೊಬ್ಬರವನ್ನೋ ಹಾಕಿರುತ್ತಾರೆ, ಅಥವಾ ಪಕ್ಕದ ಹುಲ್ಲುಹಾಸಿನ ಗೊಬ್ಬರ ಹರಿದು ಬಂದಿರುತ್ತದೆ. ನಿಲ್ಲಿಸಿ. ನೆಲದಲ್ಲಿ ಬೇರೂರಿದ ಲ್ಯಾವೆಂಡರ್‌ಗೆ ಗೊಬ್ಬರವೇ ಬೇಡ ಎನ್ನಬಹುದು. ಇದೇ ಗಿಡಗಳಲ್ಲಿ ಹೂದಂಟು ಬಂದರೂ ಬಲವಿಲ್ಲದೆ ನೆಲಕ್ಕೆ ಒರಗುತ್ತದೆ.

ಎಲೆ ಬೂದುಹಸಿರೇ ಇದ್ದು, ಗೆಣ್ಣುಗಳ ನಡುವಿನ ಅಂತರ ಉದ್ದವಾಗಿ, ಗಿಡ ಒಂದೇ ದಿಕ್ಕಿಗೆ ವಾಲಿದ್ದರೆ ಬಿಸಿಲು ಸಾಲದು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಕನಿಷ್ಠ, ಎಂಟಾದರೆ ಉತ್ತಮ. ಊಹೆ ಬೇಡ, ಒಂದು ರಜಾದಿನ ಗಂಟೆಗೊಮ್ಮೆ ಹೋಗಿ ನೆರಳು ಎಲ್ಲಿದೆ ಎಂದು ಬರೆದಿಡಿ. ನನ್ನ ಅಂದಾಜಿಗೂ ಬರೆದ ಲೆಕ್ಕಕ್ಕೂ ಎರಡು ಗಂಟೆ ವ್ಯತ್ಯಾಸ ಬಂದಿತ್ತು.

ಎರಡೂ ಸರಿಯಿದ್ದರೆ ಇನ್ನು ಮೂರು ಕಾರಣ ಉಳಿಯುತ್ತವೆ. ಒಂದು, ವಯಸ್ಸು: ಗಿಡ ಪೂರ್ತಿ ಹೂವಿಗೆ ಬರುವುದು ಮೂರನೇ ವರ್ಷದ ಹೊತ್ತಿಗೆ. ಬೀಜದಿಂದ ಬೆಳೆದರೂ ಮೊದಲ ವರ್ಷವೇ ಹೂ ಕೊಡುವಂತೆ ರೂಪಿಸಿದ ಲೇಡಿ ತಳಿ ಇದಕ್ಕೆ ಹೊರತು. 1994ರಲ್ಲಿ ಅದಕ್ಕೆ, ಹೊಸ ತಳಿಗಳನ್ನು ಬೆಳೆಸಿ ಪರೀಕ್ಷಿಸುವ ಅಮೆರಿಕದ ಸಂಸ್ಥೆ ಆಲ್-ಅಮೆರಿಕ ಸೆಲೆಕ್ಷನ್ಸ್‌ನ ಮನ್ನಣೆ ಸಿಕ್ಕಿತು. ಎರಡು, ಹೂವಿನ ಕಾಲಕ್ಕೆ ಮುಂಚೆ ಸವರಿ ಮೊಗ್ಗುಗಳನ್ನೇ ತೆಗೆದುಹಾಕಿರುವುದು. ಮೂರು, ಚಳಿ ಸಾಲದಿರುವುದು. ಇಂಗ್ಲಿಷ್ ಲ್ಯಾವೆಂಡರ್‌ನ ಹೆಚ್ಚಿನ ತಳಿಗಳು ಕೆಲವು ವಾರಗಳ ಕಾಲ ಐದು ಡಿಗ್ರಿ ಆಸುಪಾಸಿನ ತಂಪು ಕಂಡ ಮೇಲೆ, ಹಗಲು ಉದ್ದವಾದಾಗ ತುಂಬು ಹೂವಿಗೆ ಬರುತ್ತವೆ. ಬೆಚ್ಚನೆಯ ಕೋಣೆಯ ಕಿಟಕಿಯಲ್ಲಿ ವರ್ಷವಿಡೀ ಇಟ್ಟ ಕುಂಡ ಹೂ ಬಿಡದಿರುವುದಕ್ಕೆ ಇದು ಕಾರಣ. ಚಳಿಗಾಲದಲ್ಲಿ ಹೊರಗೆ, ಮಳೆ ತಾಗದ ಬಿಸಿಲು ಜಾಗದಲ್ಲಿಡಿ.

ಎಲೆಯ ಮೇಲೆ ಕಾಣುವ ಗುರುತುಗಳು

ಪರಿಮಳದ ಎಣ್ಣೆಯಿರುವ ಗಿಡಕ್ಕೆ ಕೀಟ ಕಡಿಮೆ, ಹಾಗಾಗಿ ಇಲ್ಲಿ ಹೆಚ್ಚು ಹೇಳುವುದಿಲ್ಲ. ಕೆಳಗಿನ ಎಲೆಗಳಲ್ಲಿ ಚಿಕ್ಕ ದುಂಡು ಕಂದುಚುಕ್ಕೆ ಕಂಡರೆ ಸೆಪ್ಟೋರಿಯಾ ಎಂಬ ಶಿಲೀಂಧ್ರ. ನೀರು ಎಲೆಗೆ ತಾಗದಂತೆ ನೋಡಿ, ಗಿಡವನ್ನು ತೆಳುವು ಮಾಡಿ. ಹಸಿರು ಮತ್ತು ನೇರಳೆ ಬಣ್ಣದ ಪಟ್ಟೆ ಹೊಳೆಯುವ ಪುಟ್ಟ ಜೀರುಂಡೆ ಎಳೆ ಚಿಗುರು ಮೇಯುತ್ತಿದ್ದರೆ ಅದು ರೋಸ್‌ಮೇರಿ ಜೀರುಂಡೆ, ಬೆಳಿಗ್ಗೆ ಒಂದು ಬಟ್ಟೆ ಹಾಸಿ ಗಿಡ ಕೊಡವಿದರೆ ಕೈಯಲ್ಲೇ ಆರಿಸಿ ತೆಗೆಯಬಹುದು. ಕಡ್ಡಿಯ ಮೇಲೆ ಎಂಜಲಿನಂಥ ನೊರೆ ಕಂಡರೆ ಒಳಗೊಂದು ಚಿಕ್ಕ ಮರಿಹುಳು ರಸ ಹೀರುತ್ತಿರುತ್ತದೆ. ಅದರಿಂದ ಗಿಡಕ್ಕೆ ನೇರ ಹಾನಿ ಅತ್ಯಲ್ಪ. ಆದರೆ 2013ರಿಂದ ಇಟಲಿಯ ಪುಲಿಯಾದ ಆಲಿವ್ ಮರಗಳನ್ನು ಕೊಲ್ಲುತ್ತಿರುವ ಕ್ಸೈಲೆಲ್ಲಾ ಬ್ಯಾಕ್ಟೀರಿಯಾ ಹರಡುವುದು ಈ ನೊರೆಹುಳುಗಳಿಂದ, ಲ್ಯಾವೆಂಡರೂ ಅದಕ್ಕೆ ಆಶ್ರಯ ಕೊಡುವ ಗಿಡ. ಆ ರೋಗ ಇರುವ ಪ್ರದೇಶದವರು ಎಲೆಯ ಅಂಚುಗಳು ಸುಟ್ಟಂತೆ ಒಣಗಿದರೆ ಸಸ್ಯರೋಗ ಇಲಾಖೆಗೆ ತಿಳಿಸಬೇಕು.

ಎಲೆಯಲ್ಲಿ ಕಣ್ಣು ಕುಕ್ಕುವ ಹಳದಿ ತೇಪೆಗಳು, ಎಲೆ ತಿರುಚಿಕೊಂಡಿರುವುದು, ಇದು ಮಾತ್ರ ಗಂಭೀರ. ಆಲ್ಫಾಲ್ಫಾ ಮೊಸಾಯಿಕ್ ಎಂಬ ವೈರಸ್ ಇರಬಹುದು. ಮದ್ದಿಲ್ಲ. ಗಿಡಹೇನುಗಳೂ ನಮ್ಮ ಕತ್ತರಿಯೂ ಅದನ್ನು ದಾಟಿಸುತ್ತವೆ. ಗಿಡ ಕಿತ್ತುಹಾಕಿ, ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ, ಆಮೇಲೆ ಬೇರೆ ಗಿಡ ಮುಟ್ಟಿ. ಇಡೀ ಗಿಡ ಒಂದೇ ಸಮನೆ ತಿಳಿಹಳದಿಯಾಗಿದ್ದರೆ ಅದು ವೈರಸ್ಸಲ್ಲ, ಮತ್ತೆ ಬೇರಿನ ಕಥೆಯೇ. ಬೆರಳಿನ ಪರೀಕ್ಷೆಗೆ ವಾಪಸಾಗಿ.

ಕೊಯ್ಲು ಮತ್ತು ಗುಚ್ಛದಲ್ಲಿ ಆಗುವ ಎಡವಟ್ಟುಗಳು

ಒಂದು ವರ್ಷ ಕಾದು ಬೆಳೆಸಿದ ಹೂವು ಕೊಯ್ದ ಮೇಲೆ ಹಾಳಾದರೆ ಆಗುವ ನೋವು ಗಿಡ ಸತ್ತದ್ದಕ್ಕಿಂತ ಹೆಚ್ಚು. ಇಲ್ಲಿಯ ದೋಷಗಳಿಗೆಲ್ಲ ಕಾರಣ ಎರಡೇ: ಕೊಯ್ದ ಹೊತ್ತು ಮತ್ತು ಒಣಗಿಸಿದ ಜಾಗ.

*ಒಣಗಿದ ಗುಚ್ಛದಿಂದ ಹೂ ಉದುರುತ್ತಿದೆ.* ತಡವಾಗಿ ಕೊಯ್ದಿದ್ದೀರಿ. ತೆನೆಯಲ್ಲಿ ಹೂವು ಕೆಳಗಿನಿಂದ ಮೇಲಕ್ಕೆ ಎಂಬ ಕ್ರಮವಿಲ್ಲದೆ ಅಲ್ಲೊಂದು ಇಲ್ಲೊಂದು ಅರಳುತ್ತದೆ, ಹಾಗಾಗಿ ಎಣಿಸಿ ನೋಡಬೇಕು. ಒಣಗಿಸಲು ಮೊಗ್ಗಿಗೆ ಪೂರ್ತಿ ಬಣ್ಣ ಬಂದು, ತೆನೆಯ ಕಾಲು ಭಾಗದಷ್ಟು ಹೂ ಬಿಟ್ಟಾಗ ಕೊಯ್ಯಿರಿ. ಹೂದಾನಿಗೆ ಹಸಿಯಾಗಿ ಇಡುವುದಾದರೆ ಅರ್ಧ ಅರಳಲಿ. ಅರಳಿದ ದಳ ಒಣಗಿದಾಗ ಕಂದುಬಣ್ಣದ ಚಿಂದಿಯಾಗುತ್ತದೆ. ಗುಚ್ಛಕ್ಕೆ ಬಣ್ಣ ಕೊಡುವುದು ದಳವಲ್ಲ, ಅದನ್ನು ಹೊತ್ತ ಕೊಳವೆಯಂಥ ಪುಷ್ಪಪಾತ್ರೆ. ಎಣ್ಣೆಯ ಗ್ರಂಥಿಗಳೂ ಅದರ ಮೇಲೆಯೇ ಇವೆ.

*ಗುಚ್ಛದ ಒಳಗೆ ಬೂಷ್ಟು ಬಂದಿದೆ.* ಇಬ್ಬನಿ ಆರುವ ಮುಂಚೆ ಕೊಯ್ದಿರಬೇಕು, ಇಲ್ಲವೇ ಕಟ್ಟು ದಪ್ಪವಾಗಿರಬೇಕು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ ಕೊಯ್ಯುವುದು ಸರಿಯಾದ ಹೊತ್ತು. ಕೊಯ್ಯುವ ಮುಂಚೆ ತೆನೆಗಳನ್ನು ಮೆಲ್ಲಗೆ ಅಲುಗಿಸಿ, ಜೇನುನೊಣಗಳಿಗೆ ಎದ್ದು ಹೋಗಲು ಸಮಯ ಕೊಡಿ. ಒಂದು ಕಟ್ಟಿಗೆ ನೂರು ದಂಟು ಮಿತಿ, ತೇವದ ಹವೆಯಲ್ಲಿ ಐವತ್ತೇ ಸಾಕು. ಎಲೆಗಳನ್ನು ಪೂರ್ತಿ ಬಿಡಿಸಿ. ಬೂಷ್ಟು ಬಂದ ಗುಚ್ಛ ಕೊಡವಿ ಉಳಿಸಿಕೊಳ್ಳುವಂಥದ್ದಲ್ಲ.

*ನೇತುಹಾಕಿದ ಕಟ್ಟಿನಿಂದ ದಂಟುಗಳು ಜಾರಿ ಬೀಳುತ್ತಿವೆ.* ದಾರದಿಂದ ಕಟ್ಟಿದ್ದೀರಿ. ಒಣಗುತ್ತ ದಂಟು ಸಣ್ಣಗಾಗುತ್ತದೆ, ದಾರ ಸಣ್ಣಗಾಗುವುದಿಲ್ಲ. ರಬ್ಬರ್ ಬ್ಯಾಂಡ್ ಹಾಕಿ, ಅದು ತಾನೇ ಬಿಗಿಯುತ್ತ ಹೋಗುತ್ತದೆ. ಚಂದಕ್ಕೆ ರಿಬ್ಬನ್ ಬೇಕಿದ್ದರೆ ಒಣಗಿದ ಮೇಲೆ ಸುತ್ತಬಹುದು.

*ಬಣ್ಣ ಬೂದಿಯಾಗಿದೆ.* ಬೆಳಕಿನಲ್ಲಿ ಒಣಗಿದೆ. ಕತ್ತಲೆಯ, ಗಾಳಿಯಾಡುವ, ಒಣ ಜಾಗದಲ್ಲಿ ತಲೆಕೆಳಗಾಗಿ ಎರಡರಿಂದ ನಾಲ್ಕು ವಾರ. ದಂಟು ಬಗ್ಗಿಸಿದಾಗ ಟಕ್ಕೆಂದು ಮುರಿದರೆ ಒಣಗಿದೆ. ಬಾಗಿದರೆ ಇನ್ನೂ ಬೇಕು. ಗುಚ್ಛದ ನಡುವಿನ ದಂಟನ್ನೇ ಮುರಿದು ನೋಡಿ, ಹೊರಗಿನದು ಎಂದೋ ಒಣಗಿರುತ್ತದೆ. ಒಣ ಗುಚ್ಛಕ್ಕೆಂದೇ ನೆಡುವುದಾದರೆ ನನ್ನ ಆಯ್ಕೆ ಹಿಡ್‌ಕೋಟ್. ಗಾಢ ಬಣ್ಣದ್ದಾದ್ದರಿಂದ ಒಣಗಿದ ಮೇಲೂ ನೇರಳೆಯಾಗಿಯೇ ಉಳಿಯುತ್ತದೆ. ಮನ್‌ಸ್ಟೆಡ್ ಒಣಗಿದಾಗ ಇನ್ನಷ್ಟು ತಿಳಿಯಾಗುತ್ತದೆ, ಅದರ ಸೊಗಸು ಹಸಿ ಗುಚ್ಛದಲ್ಲಿ.

*ದಂಟು ಗಿಡ್ಡ, ಗುಚ್ಛ ನಿಲ್ಲುತ್ತಿಲ್ಲ.* ಗಿಡ್ಡ ತಳಿಯ ದಂಟು ಗಿಡ್ಡವೇ. ಎಲೆಯ ಮೇಲಿನ ಬರಿದಂಟನ್ನು ಮಾತ್ರ ಕತ್ತರಿಸುವ ಬದಲು ಎರಡು ಜೊತೆ ಎಲೆ ಸೇರಿಸಿ ಕೆಳಗೆ ಕತ್ತರಿಸಿದರೆ ಎರಡು ಮೂರು ಬೆರಳು ಉದ್ದ ಹೆಚ್ಚು ಸಿಗುತ್ತದೆ, ಗಿಡ ಸವರಿದ ಕೆಲಸವೂ ಅಲ್ಲಿಗೇ ಆಗುತ್ತದೆ. ಕಟ್ಟಿಗೆಗೆ ಮಾತ್ರ ಇಳಿಯಬೇಡಿ. ಇವು ಪುಟ್ಟ ಲೋಟದಂಥ ಹೂದಾನಿಗೆ, ಅಂಗೈಯಗಲದ ಗುಚ್ಛಕ್ಕೆ ಹೇಳಿಮಾಡಿಸಿದವು. ಉದ್ದ ದಂಟೇ ಬೇಕೆಂದರೆ ಪಕ್ಕದಲ್ಲೊಂದು ಲ್ಯಾವೆಂಡಿನ್ ನೆಡಿ. ಹಸಿ ಗುಚ್ಛದ ನೀರಿನಲ್ಲಿ ಎಲೆ ಮುಳುಗಬಾರದು, ಎರಡು ದಿನಕ್ಕೊಮ್ಮೆ ನೀರು ಬದಲಿಸಬೇಕು.

*ಪರಿಮಳ ಹೋಗಿದೆ.* ಒಂದು ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿ. ಆಗ ಬಂದರೆ ಎಣ್ಣೆ ಗ್ರಂಥಿಗಳಲ್ಲೇ ಇದೆ, ಮುಟ್ಟದೆ ಹೊರಬರುತ್ತಿಲ್ಲ ಅಷ್ಟೆ. ತಿಂಗಳಿಗೊಮ್ಮೆ ಗುಚ್ಛವನ್ನು ಮೆಲ್ಲಗೆ ಹಿಸುಕಿದರೆ ಸಾಕು. ತಿಕ್ಕಿದರೂ ಬರದಿದ್ದರೆ ಬಿಸಿಲಿನಲ್ಲೋ ಬಿಸಿ ಜಾಗದಲ್ಲೋ ಒಣಗಿಸಿ ಎಣ್ಣೆ ಆವಿಯಾಗಿದೆ, ಅಥವಾ ಗಿಡ ನೆರಳಿನಲ್ಲಿ, ಗೊಬ್ಬರದ ಮಣ್ಣಿನಲ್ಲಿ ಬೆಳೆದಿದೆ. ಎರಡನೆಯದಾದರೆ ಮುಂದಿನ ಹೂವಿನ ಕಾಲಕ್ಕೆ ಮುಂಚೆ ಗಿಡದ ಜಾಗ ಬದಲಿಸಬೇಕು. ಉದುರಿದ ಮೊಗ್ಗುಗಳನ್ನು ಎಸೆಯಬೇಡಿ. ತೆಳು ಹತ್ತಿಬಟ್ಟೆಯ ಚೀಲದಲ್ಲಿ ತುಂಬಿ ಬಟ್ಟೆಯ ಕಪಾಟಿನಲ್ಲಿಟ್ಟರೆ, ಪ್ರತಿ ಸಲ ಕೈ ತಾಗಿದಾಗಲೂ ಒಂದಿಷ್ಟು ಗ್ರಂಥಿ ಒಡೆದು ಪರಿಮಳ ಬಿಡುತ್ತವೆ.